ರೈಸ್ ಮಿಲ್ಲಿನ 96 ಹರ್ಟ್ಸ್ ಗುಂಯ್ ಸದ್ದು ಇಳಿಸಿದ್ದು: ನನ್ನ ಅನುಭವ

ಗಂಗಾವತಿಯಲ್ಲಿ ಬೆಳೆದವ್ರಿಗೆ ಮಿಲ್ ಸದ್ದು ಹೊಸದಲ್ಲ. ನಾನೂ ಅದ್ರಲ್ಲೇ ಬೆಳೆದೋನು, ಈಗ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ ಇಟ್ಕೊಂಡಿದೀನಿ, ಗೇಟು, ಗ್ರಿಲ್ಲು, ಮಿಲ್ಲುಗಳ ಡಕ್ಟ್ ಕೆಲ್ಸ ಮಾಡ್ತೀನಿ. ಆದ್ರೆ ಎರಡು ವರ್ಷದ ಹಿಂದೆ ಮನೆ ಹಿಂದಿನ ಮಿಲ್ಲಲ್ಲಿ ಹೊಸ ಬ್ಲೋವರ್ ಕೂರಿಸಿದ ಮೇಲೆ ಶುರುವಾದ ಸದ್ದು ಬೇರೇನೇ ಇತ್ತು, ಕಿವಿಗಿಂತ ಎದೆಗೆ ಜಾಸ್ತಿ ಬರೋದು, ಒಂದೇ ಸಮ ಗುಂಯ್ ಅಂತ. ಭತ್ತದ ಸೀಸನ್ನಲ್ಲಿ ಮಿಲ್ಲು ರಾತ್ರಿಯೆಲ್ಲಾ ಓಡುತ್ತೆ, ಅವ್ವ ಎರಡು ಗಂಟೆಗೆ ಎದ್ದು ಕೂತಿರ್ತಿದ್ಲು. "ತಲಿಯೊಳಗ ದುಂಬಿ ಹೊಕ್ಕಂಗ ಆಗೇತಪ್ಪ, ಮಿಲ್ ಬಂದ್ ಆದ ಮ್ಯಾಲೂ ಹೋಗವಲ್ದು" ಅಂತಿದ್ಲು.

ಮೊದ್ಲು ಎಲ್ಲರೂ ಮಾಡೋದನ್ನೇ ಮಾಡ್ದೆ. ಎರಡು ಇಂಚಿನ ಫೋಮ್ ತಂದು ಕಿಟಕಿ ಗೋಡೆಗೆಲ್ಲಾ ಅಂಟಿಸ್ದೆ, ದಪ್ಪ ಪರದೆ ಹಾಕ್ದೆ, ಯಾರೋ ಹೇಳಿದ್ರು ಅಂತ ಮೊಟ್ಟೆ ಟ್ರೇ ಕೂಡ ಬಡ್ದೆ. ಮನೆಯೊಳಗೆ ಮಾತು ಸ್ವಲ್ಪ ಮೆತ್ತಗೆ ಕೇಳೋಕೆ ಶುರುವಾಯ್ತು ಅಷ್ಟೇ, ಗುಂಯ್ ಅನ್ನೋದು ಕೂದಲೆಳೆ ಕಮ್ಮಿ ಆಗ್ಲಿಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಸುಮಾರು 100 ಹರ್ಟ್ಸ್ ಸದ್ದಿನ, ಅಂದ್ರೆ ಸೆಕೆಂಡಿಗೆ ನೂರು ಸಲ ಅದುರೋ ಸದ್ದಿನ (ಈ ಎಣಿಕೆನೇ ಫ್ರೀಕ್ವೆನ್ಸಿ), ಒಂದು ಅಲೆ ಮೂರೂವರೆ ಮೀಟರ್ ಉದ್ದ, ಅದನ್ನ ಫೋಮು ಹೀರ್ಕೋಬೇಕು ಅಂದ್ರೆ ಅಲೆಯ ಕಾಲು ಭಾಗದಷ್ಟು ದಪ್ಪ ಇರ್ಬೇಕು, ಅಂದ್ರೆ ಹತ್ತತ್ರ ಮೂರು ಅಡಿ. ಸರಿ ಗೋಡೆನೇ ದಪ್ಪ ಮಾಡೋಣ ಅಂದ್ರೆ ಗೋಡೆಯ ತೂಕ ಎರಡು ಪಟ್ಟು ಮಾಡಿದ್ರೂ ಸಿಗೋದು 6 ಡೆಸಿಬಲ್ ಮಾತ್ರ, ಅದೂ ಲೆಕ್ಕದಲ್ಲಿ.

ಕಂಪ್ಲೇಂಟೂ ಕೊಟ್ಟೆ. ಮೀಟರ್ ಹಿಡ್ಕೊಂಡು ಬಂದವ್ರು ಅವ್ವನ ರೂಮಲ್ಲಿ 44 ತೋರಿಸಿ, ವಸತಿ ಏರಿಯಾದಲ್ಲಿ ರಾತ್ರಿ ಲಿಮಿಟ್ 45, ಕಾನೂನು ಪ್ರಕಾರ ಸರಿ ಇದೆ ಅಂತ ಬರ್ಕೊಂಡು ಹೋದ್ರು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಇರೋದು ಅದೇ ಅಂಕಿ, ಅವ್ರು ಸುಳ್ಳು ಹೇಳಿಲ್ಲ. ಆದ್ರೆ ಆ ಮೀಟರ್ ಇದ್ದದ್ದು ‘ಎ’ ಸೆಟ್ಟಿಂಗಲ್ಲಿ, ಆ ಸೆಟ್ಟಿಂಗು 100 ಹರ್ಟ್ಸ್ ಹತ್ರ 19 ಡೆಸಿಬಲ್ ಕಳೆದು ತೋರಿಸುತ್ತೆ, 50 ಹರ್ಟ್ಸಲ್ಲಿ 30 ಕಳೆಯುತ್ತೆ. ನಾನು ಆಮೇಲೆ ಬಾಡಿಗೆಗೆ ಒಂದು ಮೀಟರ್ ತಂದು, ಇಂಥ ಕೆಳಗಿನ ಸದ್ದನ್ನ ಹೆಚ್ಚು ಕಳೀದೆ ತೋರಿಸೋ ‘ಸಿ’ ಸೆಟ್ಟಿಂಗಿಗೆ ಹಾಕಿ ಅದೇ ಜಾಗದಲ್ಲಿ ನೋಡಿದ್ರೆ 63. ಇಂಥ ಗುಂಯ್ ಸದ್ದಿಗೆ ಅಳತೆ ತಗೊಳ್ಳೋರು ದಯವಿಟ್ಟು ‘ಎ’ ಮತ್ತು ‘ಸಿ’ ಎರಡೂ ಬರ್ಕೊಳ್ಳಿ, ಎರಡರ ಮಧ್ಯೆ ಅಂತರ 15-20 ಬಂತು ಅಂದ್ರೆ ತೊಂದ್ರೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿದೆ ಅಂತ ಅರ್ಥ.

ಮುಂದಿನ ಕೆಲ್ಸ ಫ್ರೀಕ್ವೆನ್ಸಿ ಹಿಡಿಯೋದು. ಫೋನಲ್ಲಿ ಫೈಫಾಕ್ಸ್ ಆ್ಯಪ್ ಹಾಕಿ ಸ್ಪೆಕ್ಟ್ರಮ್, ಅಂದ್ರೆ ಯಾವ ಫ್ರೀಕ್ವೆನ್ಸಿ ಎಷ್ಟು ಜೋರಿದೆ ಅಂತ ತೋರಿಸೋ ಗ್ರಾಫು, ನೋಡ್ದಾಗ 100ರ ಆಸುಪಾಸಲ್ಲಿ ಒಂದು ಗೂಟ ನಿಂತಂಗೆ ಕಾಣ್ತು, ನಾನು ಮೂಲೆಯಲ್ಲಿರೋ ಟ್ರಾನ್ಸ್‌ಫಾರ್ಮರ್ ಅನ್ಕೊಂಡೆ, ಯಾಕಂದ್ರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು 100ಕ್ಕೆ. ಜಾಸ್ತಿ ಸ್ಯಾಂಪಲ್ ಕೊಟ್ಟು ನಿಧಾನಕ್ಕೆ ನೋಡಿದ್ರೆ ಗೂಟ ಎರಡಿವೆ, 100ರಲ್ಲಿ ಸಣ್ಣದು, 96ರಲ್ಲಿ ದೊಡ್ಡದು. ಮಿಲ್ ಸಾವ್ಕಾರ್ರ ಹತ್ರ ಹೋಗಿ ಕೇಳ್ಕೊಂಡೆ, ಒಂದ್ನಿಮಿಷ ಬ್ಲೋವರ್ ಬಂದ್ ಮಾಡ್ರಿ ಅಂತ. ಮಾಡಿದ್ರು, 96 ಮಾಯ. ಮೋಟರ್ ಪ್ಲೇಟ್ ಮೇಲೆ 960 ಆರ್‌ಪಿಎಂ ಬರೆದಿತ್ತು, ಫ್ಯಾನಿಗೆ ಆರು ರೆಕ್ಕೆ, ಡೈರೆಕ್ಟ್ ಕಪ್ಲಿಂಗ್. 960ನ್ನ ಆರರಿಂದ ಗುಣಿಸಿ 60ರಿಂದ ಭಾಗಿಸಿ, ಸರಿಯಾಗಿ 96.

ಇಷ್ಟು ಗೊತ್ತಾದ ದಿನವೇ ಪೈಸೆ ಖರ್ಚಿಲ್ದೆ ಒಂದು ಉಪಾಯ ಸಿಕ್ತು. ಅವ್ವನ ರೂಮು ಉದ್ದಕ್ಕೆ ಹನ್ನೆರಡು ಅಡಿ, ಹೆಚ್ಚು ಕಮ್ಮಿ ಈ ಸದ್ದಿನ ಒಂದು ಪೂರ್ತಿ ಅಲೆ. ಫೋನ್ ಹಿಡ್ಕೊಂಡು ಗೋಡೆಯಿಂದ ಮೆಲ್ಲಗೆ ಹಿಂದೆ ಸರೀತಾ ಬಂದೆ, ಗೋಡೆಗೆ ಅಂಟಿದಾಗ ಗೂಟ ಎತ್ತರ, ಮೂರು ಅಡಿಗೆ ಬಂದಾಗ ಮಲಗಿಬಿಡ್ತು, ರೂಮಿನ ನಡುವೆ ಮತ್ತೆ ಎದ್ದಿತು. ಅವ್ವ ಇಷ್ಟು ದಿನ ತಲೆಯನ್ನ ಗೋಡೆಗೆ ತಾಗಿಸಿ ಮಲಗ್ತಿದ್ಲು, ಸದ್ದು ಅತಿ ಜೋರಿರೋ ಜಾಗದಲ್ಲೇ. ಮಂಚ ಎಳೆದು ದಿಂಬು ಗೋಡೆಯಿಂದ ಮೂರು ಅಡಿಗೆ ಬರೋ ಹಂಗೆ ಮಾಡಿದ ರಾತ್ರಿ ಅವ್ಳು ನಾಲ್ಕರವರೆಗೆ ನಿದ್ದೆ ಮಾಡಿದ್ಲು. ನಿಮ್ಮ ಮನೆಯಲ್ಲೂ ಮೊದ್ಲು ಇದನ್ನ ನೋಡಿ.

ಆಮೇಲೆ ಓದೋಕೆ ಕೂತೆ. ಹಾಂಗ್‌ಕಾಂಗ್ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪಿಂಗ್ ಶೆಂಗ್ ಅನ್ನೋರ ತಂಡ 2000ದಲ್ಲಿ ಸೀಸದ ಗುಂಡಿಗೆ ಸಿಲಿಕೋನ್ ರಬ್ಬರ್ ಸುತ್ತಿ, ಅಂಥ ಗುಂಡುಗಳನ್ನ ಎಪಾಕ್ಸಿಯಲ್ಲಿ ಸಾಲಾಗಿ ಕೂರಿಸಿ, ತಾನು ತಡೆಯೋ ಅಲೆಗಿಂತ ಎಷ್ಟೋ ಪಟ್ಟು ತೆಳ್ಳಗಿರೋ ವಸ್ತು ಮಾಡಿ ತೋರಿಸಿದ್ರು. ಒಳಗಿನ ಗುಂಡು ಅಲೆ ತಳ್ಳಿದ ಕಡೆಗೆ ಹೋಗಲ್ಲ, ಟ್ಯೂನ್ ಆದ ಫ್ರೀಕ್ವೆನ್ಸಿಯ ಸ್ವಲ್ಪ ಮೇಲೆ ಉಲ್ಟಾ ಆಡುತ್ತೆ, ಹಂಗಾಗಿ ಸದ್ದು ಮುಂದೆ ಹೋಗೋಕಾಗಲ್ಲ. 2008ರಲ್ಲಿ ಅದೇ ತಂಡದ ಇನ್ನೊಂದು ಕೆಲ್ಸ, ಬಿಗಿದ ತೆಳು ಪೊರೆ, ಮಧ್ಯೆ ಪುಟ್ಟ ತೂಕ, 100ರಿಂದ 1000 ಹರ್ಟ್ಸ್ ಒಳಗೆ ಬೇಕಾದ ಕಡೆ ಟ್ಯೂನ್ ಮಾಡಬಹುದು. ಮೆಟಾಮೆಟೀರಿಯಲ್ ಅಂತಾರೆ. ವಸ್ತುವಿನ ತೂಕ ಅಲ್ಲ, ಅದ್ರ ಆಕಾರನೇ ಕೆಲ್ಸ ಮಾಡೋದು ಅನ್ನೋದು ನನಗೆ ತುಂಬಾ ಹಿಡಿಸ್ತು, ವೆಲ್ಡಿಂಗ್ ಮಾಡೋನಿಗೆ ಅರ್ಥ ಆಗೋ ವಿಜ್ಞಾನ ಅದು.

ಆ ಪೊರೆಯ ಥರದ್ದೇ ಮಾಡೋಣ ಅಂತ ನಾಲ್ಕು ಇಂಚಿನ ಚೌಕ ಖಾನೆಗಳ ಪ್ಲೈವುಡ್ ಫ್ರೇಮ್ ಮಾಡಿ, ಲಾರಿ ಟ್ಯೂಬ್ ಕತ್ತರಿಸಿ ಬಿಗಿದು, ಪ್ರತಿ ಖಾನೆ ನಡುವೆ ಒಂದು ವಾಷರ್ ಅಂಟಿಸಿ ಕಿಟಕಿಗೆ ಕೂರಿಸ್ದೆ. ಮೊದಲ ವಾರ ಫರಕ್ ಇತ್ತು. ಆಮೇಲೆ ಫೆಬ್ರವರಿ ಮುಗೀತಾ ಬಿಸಿಲು ಏರಿ, ರಬ್ಬರ್ ಬಿಗಿ ಕಳ್ಕೊಳ್ತು, ಬೆರಳಲ್ಲಿ ತಟ್ಟಿದ್ರೆ 24 ಖಾನೆಗಳಲ್ಲಿ ಒಂದೊಂದೂ ಒಂದೊಂದು ಸ್ವರ. ನಮ್ಮ ಬಿಸಿಲಿಗೆ ಬಿಗಿದ ರಬ್ಬರ್ ನಂಬಬೇಡಿ. ಸ್ಪ್ರಿಂಗ್ ಆಗಿ ಗಾಳಿನೇ ವಾಸಿ, ಅದು ಸಡಿಲ ಆಗಲ್ಲ.

ಕೊನೆಗೆ ಸದ್ದು ಹುಟ್ಟೋ ಕಡೆಗೇ ಹೋದೆ. ಸಾವ್ಕಾರ್ರು "ನನ್ನ ಗಾಳಿ ಕಮ್ಮಿ ಆಗಬಾರ್ದು ನೋಡಪ್ಪ" ಅಂತ ಒಂದೇ ಷರತ್ತು ಹಾಕಿದ್ರು. ಬ್ಲೋವರಿನ ಎಂಟಿಂಚು ಔಟ್‌ಲೆಟ್ ಡಕ್ಟಿಗೆ ತೂತು ಕೊರೆದು, ಅದ್ರ ಮೇಲೆ ಆರಿಂಚಿನ 16 ಗೇಜ್ ಪೈಪ್ ನೆಟ್ಟಗೆ ನಿಲ್ಲಿಸಿ ವೆಲ್ಡ್ ಮಾಡ್ದೆ, ಮೇಲ್ತುದಿ ಮುಚ್ಚಿರೋದು. ಪೈಪೊಳಗೆ ಹೋದ ಅಲೆ ತಿರುಗಿ ಬರೋವಾಗ ಉಲ್ಟಾ ಆಗಿ ಬಂದು ಡಕ್ಟಲ್ಲಿರೋ ಅಲೆಯನ್ನ ಹೊಡೀತದೆ. ಗಾಳಿ ದಾರಿಗೆ ಏನೂ ಅಡ್ಡ ಇಲ್ಲ. ಪೈಪನ್ನ ಮೇಲಕ್ಕೇ ಇಡಬೇಕು, ಪಕ್ಕಕ್ಕೋ ಕೆಳಕ್ಕೋ ಇಟ್ರೆ ತೌಡಿನ ಧೂಳು ತುಂಬಿ ಒಂದೇ ಸೀಸನ್ನಿಗೆ ಟ್ಯೂನ್ ಹೋಗುತ್ತೆ.

ಉದ್ದದ ಲೆಕ್ಕ ಅಲೆಯ ಕಾಲು ಭಾಗ, 20 ಡಿಗ್ರಿಯಲ್ಲಿ 89 ಸೆಂಟಿಮೀಟರ್. ಆದ್ರೆ ಬಾಯಿ ಹತ್ರ ಗಾಳಿ ಪೈಪಿನಾಚೆಗೂ ಸ್ವಲ್ಪ ಆಡುತ್ತೆ, ಅದನ್ನ ಕಳೆದ್ರೆ 83. ನಾನು ಲೆಕ್ಕ ನಂಬ್ಕೊಂಡು ಕತ್ತರಿಸ್ಲಿಲ್ಲ, ಒಂದು ಮೀಟರ್ ಪೈಪ್ ಇಟ್ಟು ಒಳಗೆ ಬಿರಡೆ ಥರ ಒಂದು ಪ್ಲೇಟು, ಅದಕ್ಕೆ ಥ್ರೆಡ್ ರಾಡು ಹಾಕಿ ಮೇಲಿಂದ ತಿರುಗಿಸೋ ಹಂಗೆ ಮಾಡ್ದೆ. ಡಿಸೆಂಬರ್ ರಾತ್ರಿ ಹನ್ನೊಂದಕ್ಕೆ ಏಣಿ ಮೇಲೆ ನಿಂತು ಸ್ಪ್ಯಾನರಲ್ಲಿ ಒಂದೊಂದೇ ಸುತ್ತು ತಿರುಗಿಸ್ತಾ ಇದ್ದೆ, ಮಗ ಮನೆಯಿಂದ ಫೋನಲ್ಲಿ ರೀಡಿಂಗ್ ಹೇಳ್ತಿದ್ದ, 62, 60, 57, ಆಮೇಲೆ ಅರ್ಧ ಸುತ್ತಿಗೆ 51ಕ್ಕೆ ಬಿತ್ತು, ಇನ್ನೊಂದು ಸುತ್ತಿಗೆ ಮತ್ತೆ ಏರ್ತು. ಅಲ್ಲಿಗೇ ವಾಪಸ್ ತಂದು ರಾಡ್ ಮೇಲೆ ಪೇಂಟಲ್ಲಿ ಗೆರೆ ಎಳ್ದೆ. ಕೆಳಗೆ ಹಮಾಲರು ಚೀಲ ಹೊರ್ತಿದ್ದವ್ರು ನಿಂತು ಬ್ಲೋವರ್ ಬಂದ್ ಆತೇನು ಅಂತ ಮೇಲೆ ನೋಡಿದ್ರು.

ಏಪ್ರಿಲ್ಲಲ್ಲಿ ಸದ್ದು ಸ್ವಲ್ಪ ವಾಪಸ್ ಬಂತು. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತೆ, 20 ಡಿಗ್ರಿಗೆ ಸೆಕೆಂಡಿಗೆ 343 ಮೀಟರ್ ಇದ್ದದ್ದು 40ಕ್ಕೆ 355 ಆಗುತ್ತೆ, ಪೈಪು ಮೂರು ಸೆಂಟಿಮೀಟರ್ ಉದ್ದ ಬೇಕು. ಪ್ಲೇಟು ಅಷ್ಟು ಮೇಲೆತ್ತಿ ಎರಡನೇ ಗೆರೆ ಎಳ್ದೆ, ಒಂದ್ರ ಪಕ್ಕ ‘ಚಳಿ’, ಇನ್ನೊಂದ್ರ ಪಕ್ಕ ‘ಬ್ಯಾಸಿಗಿ’ ಅಂತ ಬರೆದಿದೀನಿ, ಈಗ ಮಿಲ್ಲಿನ ಆಪರೇಟರೇ ತಿರುಗಿಸ್ತಾನೆ.

ಇನ್ನೂ 192 ಹರ್ಟ್ಸಲ್ಲಿ ಒಂದು ಸಣ್ಣ ಗೂಟ ಉಳಿದಿದೆ. ಈ ಥರ ಪೈಪು ತನ್ನ ಮೂರು ಪಟ್ಟು, ಐದು ಪಟ್ಟು ಫ್ರೀಕ್ವೆನ್ಸಿಗೂ ಕೆಲ್ಸ ಮಾಡುತ್ತೆ, ಎರಡು ಪಟ್ಟಿಗೆ ಮಾಡಲ್ಲ, ಹಂಗಾಗಿ ಅದಕ್ಕೆ ಅರ್ಧ ಉದ್ದದ ಇನ್ನೊಂದು ಪೈಪು ಬೇಕು. ಕತ್ತರಿಸಿ ಶೆಡ್ಡಲ್ಲಿ ಇಟ್ಟಿದೀನಿ, ಮಿಲ್ಲು ಸರ್ವೀಸಿಗೆ ನಿಂತಾಗ ಕೂರಿಸ್ತೀನಿ.