ಕಪ್ಪತಗುಡ್ಡದಲ್ಲಿ ಬೆಂಕಿ ಎಲ್ಲಿ ಬಿದ್ದೀತು: ಹುಲ್ಲಿನ ಲೆಕ್ಕ ಹಾಕುವ ಬಗೆ

ಫೆಬ್ರುವರಿಯ ಉಪಗ್ರಹ ಚಿತ್ರ ಒಂದನ್ನೇ ಮುಂದಿಟ್ಟುಕೊಂಡರೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಬೆಂಕಿ ಭಯ ತಿಳಿಯುವುದಿಲ್ಲ. ಒಣಗಿ ನಿಂತ ಬಾದೆ ಹುಲ್ಲಿಗೂ ಬರೀ ಗರಸಿಗೂ ಆಗ ಎನ್‌ಡಿವಿಐ (ಚಿತ್ರದಿಂದ ಹಸಿರನ್ನು ಅಳೆಯುವ ಸೂಚ್ಯಂಕ) ಹೆಚ್ಚುಕಡಿಮೆ ಒಂದೇ. ಅದಕ್ಕೇ ನಾನು ನೋಡುವುದು ಕುಸಿತವನ್ನು: ಮಳೆ ಮುಗಿಯುವಾಗ ಎಷ್ಟು ಹಸಿರಿತ್ತು, ಶಿವರಾತ್ರಿ ಹೊತ್ತಿಗೆ ಎಷ್ಟು ಇಳಿಯಿತು. ಹೆಚ್ಚು ಏರಿ ಪೂರ್ತಿ ಇಳಿದಲ್ಲಿ ಉರುವಲು ಬಿದ್ದಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷವೇ ಹೆಚ್ಚು ಹೆದರಬೇಕು.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆ ಸಿಗುತ್ತದೆ, ಐದು ದಿನಕ್ಕೊಮ್ಮೆ. ಬೆಳಕಿನ ಒಂದೊಂದು ಬಣ್ಣದ ಪಟ್ಟಿಗೆ ಅದರಲ್ಲಿ ಒಂದೊಂದು ಬ್ಯಾಂಡ್. ಎನ್‌ಡಿವಿಐಗೆ ಬ್ಯಾಂಡ್ 8 ಮತ್ತು 4, ತೇವದ ಸೂಚ್ಯಂಕಕ್ಕೆ 8 ಮತ್ತು 11. ಬ್ಯಾಂಡ್ 11ರ ಚೌಕ (ಪಿಕ್ಸೆಲ್) 20 ಮೀಟರ್, ಉಳಿದೆರಡರದು 10. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಮೊದಲು ಒಂದೇ ಅಳತೆಗೆ ತರಬೇಕು. ಸೆಪ್ಟೆಂಬರ್ 15ರಿಂದ ನವೆಂಬರ್ 15ರವರೆಗಿನ ಚಿತ್ರಗಳಲ್ಲಿ ಪ್ರತಿ ಚೌಕದ ಗರಿಷ್ಠ ಬೆಲೆ ತೆಗೆದು, ಫೆಬ್ರುವರಿ ಮೊದಲ ಹದಿನೈದು ದಿನದ ಮಧ್ಯಾಂಕವನ್ನು ಅದರಿಂದ ಕಳೆಯುತ್ತೇನೆ. ಮೋಡ, ಮೋಡದ ನೆರಳಿನ ಚೌಕಗಳು (ಚಿತ್ರದ ಜೊತೆ ಬರುವ ವರ್ಗೀಕರಣದಲ್ಲಿ ವರ್ಗ 3, 8, 9, 10) ಮೊದಲೇ ಹೊರಗೆ.

ಹಳೆಯ ವರ್ಷಗಳ ಜೊತೆ ಹೋಲಿಸುವವರು ಇಲ್ಲೇ ಎಡವುವುದು. 2022ರ ಜನವರಿ 25ರಿಂದ ಈ ಚಿತ್ರಗಳ ಅಂಕಿಗೆ 1000 ಸೇರಿಸಿ ಕೊಡುತ್ತಾರೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಎನ್‌ಡಿವಿಐ ತಗ್ಗಿ ಬರುತ್ತದೆ, ಗುಡ್ಡವೆಲ್ಲ ಬೋಳಾದಂತೆ ಕಾಣುತ್ತದೆ. ಕೆಲವು ತಾಣಗಳು ಕಳೆದೇ ಕೊಡುತ್ತವೆ. ಅಲ್ಲಿ ಮತ್ತೆ ಕಳೆದರೆ ತಪ್ಪು ಇನ್ನೊಂದು ಕಡೆಗೆ.

ಕುಸಿತವೂ ಮೋಸ ಮಾಡುತ್ತದೆ. ಗುಡ್ಡದ ಬುಡದ ಶೇಂಗಾ ಹೊಲ ಕಿತ್ತ ಮೇಲೆ ಎನ್‌ಡಿವಿಐ ಧೊಪ್ಪೆಂದು ಬೀಳುತ್ತದೆ, ಆದರೆ ಅಲ್ಲಿ ಸುಡಲು ಏನೂ ಇರುವುದಿಲ್ಲ. ಆದ್ದರಿಂದ ಹೊಲಗಳನ್ನು ನಕ್ಷೆಯಿಂದ ತೆಗೆದುಬಿಡಿ. ನೀಲಗಿರಿ ತೋಪಿನದು ಇದಕ್ಕೆ ಉಲ್ಟಾ: ಮೇಲೆ ವರ್ಷವಿಡೀ ಹಸಿರು, ಕೆಳಗೆ ಒಣ ತರಗೆಲೆ. ಉಪಗ್ರಹಕ್ಕೆ ಅದು ಕಾಣದು, ಕಾಲಿಗೆ ಸಿಗುತ್ತದೆ.

ಹಾಗಾಗಿ ನಡೆದು ನೋಡಲೇಬೇಕು. ಹೆಚ್ಚು, ಮಧ್ಯಮ, ಕಡಿಮೆ ಕುಸಿತದ ಜಾಗಗಳಲ್ಲಿ ತಲಾ ಹತ್ತು ಕಡೆ 1 ಮೀಟರ್ ಚೌಕ ಹಾಕಿ, ಹುಲ್ಲನ್ನು ಬುಡಕ್ಕೆ ಕೊಯ್ದು ಅಲ್ಲೇ ತೂಗುತ್ತೇನೆ. ಮಧ್ಯಾಹ್ನ 12ರ ಮೇಲೆಯೇ ಕೊಯ್ಯಬೇಕು. ಬೆಳಗಿನ ಇಬ್ಬನಿ ಲೆಕ್ಕ ಕೆಡಿಸುತ್ತದೆ. ಗಾಳಿಯಾಡದ ಚೀಲದಲ್ಲಿ ತಂದು 80 ಡಿಗ್ರಿಯಲ್ಲಿ 48 ಗಂಟೆ ಒಣಗಿಸುವುದು. 105 ಡಿಗ್ರಿಯಲ್ಲಿ ಬೇಗ ಆಗುತ್ತದೆ, ಆದರೆ ಬಾದೆಯಲ್ಲಿ ಎಣ್ಣೆ ಅಂಶವಿದೆ, ಅದೂ ಹಾರಿಹೋಗಿ ನೀರಿನ ಲೆಕ್ಕಕ್ಕೆ ಸೇರುತ್ತದೆ. ತಂದಾಗ 330 ಗ್ರಾಂ, ಒಣಗಿದಾಗ 300 ಇದ್ದರೆ ತೇವ ಶೇ 10. ಭಾಗಿಸುವುದು ಒಣ ತೂಕದಿಂದ, ಹಸಿ ತೂಕದಿಂದಲ್ಲ. ಎಷ್ಟು ಕುಸಿತಕ್ಕೆ ಕೆಂಪು ಬಣ್ಣ ಕೊಡಬೇಕು ಎಂಬುದನ್ನು ಈ ತೂಕ ನೋಡಿಯೇ ನಿಗದಿ ಮಾಡುವುದು. ಬೇರೆ ಕಾಡಿನ ಅಂಕಿ ಎರವಲು ತಂದರೆ ಇಲ್ಲಿ ನಡೆಯುವುದಿಲ್ಲ.

ಇಳಿಜಾರಿಗೆ 30 ಮೀಟರಿನ ಎತ್ತರದ ದತ್ತಾಂಶ ಸಾಕು. ಏರು 10 ಡಿಗ್ರಿ ಹೆಚ್ಚಿದರೆ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಬೆಂಕಿ ರೇಖೆಯನ್ನು (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಇಳಿಜಾರಿನ ನಡುವೆ ತೆಗೆಯುವುದು ದಂಡ. ನೆತ್ತಿಯ ಮೇಲೆ ಬೇಕು. ಗಾಳಿಯಂತ್ರಗಳಿಗೆ ಹಾಕಿದ ರಸ್ತೆಗಳು ಹಲವು ಕಡೆ ನೆತ್ತಿಯಲ್ಲೇ ಇವೆ. ಎರಡೂ ಬದಿಯ ಹುಲ್ಲು ಕೆರೆದರೆ ಅವೇ ರೇಖೆಯಾಗುತ್ತವೆ. ಜನವರಿ ಮುಗಿಯುವುದರೊಳಗೆ ಆಗಬೇಕಾದ ಕೆಲಸವಿದು, ಫೆಬ್ರುವರಿ ನಕ್ಷೆಗೆ ಕಾಯುತ್ತ ಕೂರಬಾರದು. ರೇಖೆಗೆ ಮಳೆಗಾಲದ ಗರಿಷ್ಠದ ನಕ್ಷೆಯೇ ಸಾಕು, ಫೆಬ್ರುವರಿಯದು ವಾಚರ್‌ಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ.

ಉಪಗ್ರಹದ ಬೆಂಕಿ ಎಚ್ಚರಿಕೆಯನ್ನೇ ನೆಚ್ಚಬೇಡಿ. ಬೆಂಕಿಯ ಬಿಸಿ ಗುರುತಿಸುವ ವಿಐಐಆರ್‌ಎಸ್ ಉಪಕರಣದ ಉಪಗ್ರಹಗಳು ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಸುಮಾರಿಗೆ. ಸಂಜೆ ಐದಕ್ಕೆ ಹತ್ತಿ ಎಂಟಕ್ಕೆ ಆರಿದ ಹುಲ್ಲಿನ ಬೆಂಕಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಸುಟ್ಟ ಜಾಗವನ್ನು ಸೆಂಟಿನೆಲ್-2ರ ಬ್ಯಾಂಡ್ 8 ಮತ್ತು 12ರಿಂದ ಗುರುತಿಸಿ, ಮೊದಲ ಅಡ್ಡಮಳೆಗೆ ಮುಂಚೆ. ಹಾಗೆಂದು ಮುಂದಿನ ವರ್ಷ ಆ ಜಾಗ ಬಿಡುವಂತಿಲ್ಲ. ಬಾದೆ ಬುಡದಿಂದ ಮತ್ತೆ ಚಿಗುರಿ, ಮಳೆ ಆದರೆ ಅಕ್ಟೋಬರಿಗೆ ಅಷ್ಟೇ ಎತ್ತರ ನಿಂತಿರುತ್ತದೆ.