ತಾತನ ಹುಟ್ಟೂರು, ಅಮ್ಮನ ಬರ್ತ್ ಸರ್ಟಿಫಿಕೇಟು

ನಮ್ಮಮ್ಮನ ಅಪ್ಪ ಹುಟ್ಟಿದ್ದು 1909ರಲ್ಲಿ, ಐರ್ಲೆಂಡಿನ ಕಾರ್ಕ್‌ನಲ್ಲಿ. ಕೋಲಾರದ ಚಿನ್ನದ ಗಣಿ ಕೆಲಸಕ್ಕೆ ಬಂದವರು ಇಲ್ಲೇ ಮದುವೆಯಾಗಿ ಬೆಂಗಳೂರಿನವರೇ ಆದರು. ಅಜ್ಜನೋ ಅಜ್ಜಿಯೋ ಅಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳು ಐರಿಶ್ ಪೌರತ್ವ ಕೇಳಬಹುದು.

ಅದಕ್ಕೆಂದು ದಾಖಲೆ ಹುಡುಕಲು ಹೊರಟೆ. ತಾತನ ಹುಟ್ಟಿನ ದಾಖಲೆ ಸಲೀಸಾಗಿ ಸಿಕ್ಕಿತು. ಅಲ್ಲಿ 1864ರಿಂದಲೇ ಎಲ್ಲರ ಹುಟ್ಟನ್ನೂ ಬರೆದಿಟ್ಟಿದ್ದಾರೆ, ಹಳೆಯವನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ಕಗ್ಗಂಟಾಗಿದ್ದು ಅಮ್ಮನದು. ಇಲ್ಲಿನ ರಿಜಿಸ್ಟರ್‌ನಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಪಕ್ಕದಲ್ಲಿ ‘ಹೆಣ್ಣು’ ಅಂತಷ್ಟೇ. ನಾಮಕರಣಕ್ಕೆ ಮೊದಲೇ ಬರೆಸಿಬಿಡುತ್ತಿದ್ದರು, ಅಲ್ವಾ! ಚರ್ಚಿನ ಹಳೇ ದೀಕ್ಷಾಸ್ನಾನದ ಪುಸ್ತಕ ಕೈ ಹಿಡಿಯಿತು. ಅದೇ ತಾರೀಖು, ಅದೇ ಅಪ್ಪ-ಅಮ್ಮ, ಜೊತೆಗೆ ಅಮ್ಮನ ಹೆಸರು. ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ.

ಆದರೆ ಭಾರತದಲ್ಲಿ ಎರಡು ಪೌರತ್ವ ಇಲ್ಲ. 1955ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಾವಾಗಿ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿನದು ಹೋಗುತ್ತದೆ. ಅಷ್ಟು ಮಾಡಲು ನನಗೆ ಮನಸ್ಸಿಲ್ಲ. ನನಗೆ ಬೇಕಿದ್ದದ್ದು ಲಂಡನ್‌ನಲ್ಲಿ ಕೆಲಸ, ಅಷ್ಟೇ.

ದಾರಿ ಸಿಕ್ಕಿದ್ದು ಯುಕೆ ಆನ್ಸೆಸ್ಟ್ರಿ ವೀಸಾದಲ್ಲಿ, ಅಂದರೆ ಅಜ್ಜನೋ ಅಜ್ಜಿಯೋ ಬ್ರಿಟನ್‌ನಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳಿಗೆ ಅಲ್ಲಿ ಕೆಲಸ ಮಾಡಲು ಕೊಡುವ ವೀಸಾ. ಕಾಮನ್‌ವೆಲ್ತ್ ದೇಶದವರಿಗೆ ಇದು ಸಿಗುತ್ತದೆ. 1922ರ ಮಾರ್ಚ್ 31ಕ್ಕೆ ಮೊದಲು ಐರ್ಲೆಂಡಿನಲ್ಲಿ ಹುಟ್ಟಿದ ತಾತನೂ ಲೆಕ್ಕಕ್ಕೆ ಬರುತ್ತಾರೆ. ಐದು ವರ್ಷ ಕೆಲಸ ಮಾಡಬಹುದು, ನಮ್ಮ ಪಾಸ್‌ಪೋರ್ಟೂ ಉಳಿಯುತ್ತದೆ. ಅದೇ ಕಾಗದದ ಕಟ್ಟು ಇದಕ್ಕೂ ಸಾಕಾಯಿತು. ಟಿಬಿ ಪರೀಕ್ಷೆಯೊಂದು ಜಾಸ್ತಿ, ಅದನ್ನು ಮೊದಲೇ ಮಾಡಿಸಿಕೊಳ್ಳಿ.