ಎಂಟು ತುಂಡು ರೇಷ್ಮೆ: ಚಾಂಗ್‌ಶಾದಲ್ಲಿ ನಾನು ಕಲಿತ ಉಸಿರಾಟ

ಪತಿಯ ಉದ್ಯೋಗದ ನಿಮಿತ್ತ ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದಲ್ಲಿ ಎರಡು ವರ್ಷ ಇದ್ದಾಗ, ಅಲ್ಲಿನ ಹುತಾತ್ಮರ ಉದ್ಯಾನದಲ್ಲಿ ಬೆಳಿಗ್ಗೆ ಸೇರುತ್ತಿದ್ದ ಹಿರಿಯರ ಗುಂಪಿನಲ್ಲಿ ನಾನು ಬಾದ್ವಾನ್‌ಜಿನ್ ಕಲಿತೆ. ‘ಎಂಟು ತುಂಡು ಜರಿ ರೇಷ್ಮೆ’ ಎಂಬ ಅರ್ಥದ ಈ ವ್ಯಾಯಾಮದ ಹೆಸರು ಸಾಂಗ್ ರಾಜವಂಶದ (ಕ್ರಿ.ಶ. 960–1279) ಕಾಲದಿಂದಲೂ ಬಳಕೆಯಲ್ಲಿದೆ. ಚೀನಾದ ಕ್ರೀಡಾ ಆಡಳಿತವು 2003ರಲ್ಲಿ ಪ್ರಚಾರಕ್ಕೆ ತಂದ ನಾಲ್ಕು ಚಿಗೊಂಗ್ (ನಿಧಾನ ಚಲನೆ ಮತ್ತು ಉಸಿರಾಟ ಕೂಡಿದ ಚೀನೀ ವ್ಯಾಯಾಮ) ಕ್ರಮಗಳಲ್ಲಿ ಇದೂ ಒಂದು. ಎಂಟೂ ಚಲನೆಗಳು ಸುಮಾರು ಹನ್ನೆರಡು ನಿಮಿಷಗಳಲ್ಲಿ ಮುಗಿಯುತ್ತವೆ.

ಹಲವು ವರ್ಷ ಪ್ರಾಣಾಯಾಮ ಮಾಡಿದ್ದ ನನಗೆ ಇದು ಸುಲಭವೆನಿಸಿತ್ತು. ಮೊದಲ ಚಲನೆಯಲ್ಲಿ ಎರಡೂ ಕೈಗಳ ಬೆರಳುಗಳನ್ನು ಹೆಣೆದು, ಅಂಗೈಗಳನ್ನು ಆಕಾಶಕ್ಕೆ ತಿರುಗಿಸಿ ಮೇಲಕ್ಕೆ ಒತ್ತುವಾಗ ನಾನು ಅಭ್ಯಾಸಬಲದಿಂದ ಎಣಿಸುತ್ತಾ ಕುಂಭಕ ಮಾಡಿದೆ, ಎಂದರೆ ಉಸಿರು ತಡೆದೆ. ಮೂರನೆಯ ದಿನ ತಲೆ ಸುತ್ತಿ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಕಲಿಸುತ್ತಿದ್ದ ಅಜ್ಜಿ ತಮ್ಮ ಅಂಗೈಯನ್ನು ನನ್ನ ಹೊಕ್ಕುಳಿನ ಕೆಳಗೆ ಇಟ್ಟು, ‘ಝೀರಾನ್’, ಎಂದರೆ ಸಹಜವಾಗಿರಲಿ, ಎಂದರು. ಹೊಸಬರು ಉಸಿರನ್ನು ಎಣಿಸಬಾರದು, ತಡೆಯಬಾರದು. ಕೈ ಏರುವಾಗ ಉಸಿರು ತಾನಾಗಿ ಒಳಬಂದು, ಇಳಿಯುವಾಗ ಹೊರಹೋಗಬೇಕು. ಅವರ ಅಂಗೈಯಡಿಯಲ್ಲಿ ಹೊಟ್ಟೆ ಮೆಲ್ಲನೆ ಉಬ್ಬಿ ತಗ್ಗುವುದು ನನಗೆ ಅರಿವಾಗಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ನಾನು ಕಲಿತದ್ದು ಕೈಕಾಲುಗಳನ್ನು ಆಡಿಸುವುದನ್ನು ಮಾತ್ರ.

ಉದ್ಯಾನಕ್ಕೆ ಅಂಟಿಕೊಂಡಂತೆಯೇ ಹುನಾನ್ ವಸ್ತುಸಂಗ್ರಹಾಲಯವಿದೆ. ಮಾವಾಂಗ್‌ದುಯಿ ಎಂಬ ಪುರಾತನ ಸಮಾಧಿಸ್ಥಳದ ಮೂರನೆಯ ಸಮಾಧಿಯಲ್ಲಿ 1973ರಲ್ಲಿ ಚೂರುಚೂರಾಗಿ ದೊರೆತ ರೇಷ್ಮೆಯ ಚಿತ್ರಪಟವನ್ನು ಜೋಡಿಸಿ ಪುನಾರಚಿಸಿದ ರೂಪವನ್ನು ನಾನು ನೋಡಿದ್ದು ಅಲ್ಲಿಯೇ. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಚಿತ್ರಪಟದ ನಾಲ್ಕು ಸಾಲುಗಳಲ್ಲಿ ವ್ಯಾಯಾಮ ಮಾಡುತ್ತಿರುವ 44 ಮಂದಿ: ಗಂಡಸರು, ಹೆಂಗಸರು, ಮುದುಕರು, ಯುವಕರು; ಒಬ್ಬರು ಕೋಲು ಹಿಡಿದು ಬಾಗಿದ್ದಾರೆ, ಕೆಲವರು ಪ್ರಾಣಿಪಕ್ಷಿಗಳ ಚಲನೆಯನ್ನು ಅನುಕರಿಸುತ್ತಿದ್ದಾರೆ. ಈ ಅಭ್ಯಾಸದ ಹಳೆಯ ಹೆಸರು ದಾವೊಯಿನ್, ಎಂದರೆ ನಡೆಸುವುದು ಮತ್ತು ಎಳೆಯುವುದು. ಚಿಗೊಂಗ್ ಎಂಬ ಹೆಸರು ಚಿಕಿತ್ಸಾಕ್ರಮವಾಗಿ ನೆಲೆಯೂರಿದ್ದು 1950ರ ದಶಕದಲ್ಲಿ, ಚೀನಾದ ಚಿಗೊಂಗ್ ಚಿಕಿತ್ಸಕ ಲಿಯು ಗುಯ್‌ಝೆನ್ ಅವರ ಕೆಲಸದಿಂದ.

ಇದನ್ನೆಲ್ಲ ಭಾರತದಿಂದ ಹೋದ ಬೌದ್ಧ ಭಿಕ್ಷು ಬೋಧಿಧರ್ಮನೇ ಚೀನೀಯರಿಗೆ ಕಲಿಸಿದನೆಂದು ನಮ್ಮಲ್ಲಿ ಅನೇಕರು ಅಭಿಮಾನದಿಂದ ಹೇಳುವುದುಂಟು. ಆತ ಚೀನಾಕ್ಕೆ ಹೋದನೆನ್ನುವ ಕಾಲಕ್ಕಿಂತ ಆರು ಶತಮಾನಗಳಿಗೂ ಹಿಂದಿನ ಆ ಚಿತ್ರಪಟದ ಮುಂದೆ ನಿಂತ ಮೇಲೆ ನನಗೆ ಆ ಮಾತನ್ನು ಒಪ್ಪಲಾಗಿಲ್ಲ.

ಮೈಸೂರಿಗೆ ಮರಳಿದ ಮೇಲೂ ಅಭ್ಯಾಸ ಬಿಟ್ಟಿಲ್ಲ. ಬಹುಕಾಲದ ಸೊಂಟನೋವು ನನ್ನ ಮಟ್ಟಿಗೆ ತಗ್ಗಿದೆ, ನಿದ್ರೆ ಸುಧಾರಿಸಿದೆ. ಆದರೆ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಹೇಳಿದಂತೆ ಮುಂದುವರಿಸಿದ್ದೇನೆ. ಕುದುರೆ ಸವಾರನಂತೆ ಕಾಲಗಲಿಸಿ ಕೂರುವ ಭಂಗಿಯಲ್ಲಿ ಮಂಡಿ ಕಾಲ್ಬೆರಳುಗಳನ್ನು ದಾಟಿ ಮುಂದೆ ಬಾಗದಂತೆ ನೋಡಿಕೊಳ್ಳುತ್ತೇನೆ. ಪಾದ ಮುಟ್ಟುವ ಆರನೆಯ ಚಲನೆಯಲ್ಲಿ, ರಕ್ತದೊತ್ತಡವಿರುವುದರಿಂದ, ತಲೆಯನ್ನು ಕೆಳಗೆ ಜೋಲಲು ಬಿಡುವುದಿಲ್ಲ.

ಎಂಟನೆಯ ಚಲನೆಯನ್ನು ಈಗ ಅಮ್ಮನೂ ಮಾಡುತ್ತಾರೆ. ತಾರಸಿಯ ಮೋಟುಗೋಡೆ ಹಿಡಿದು, ಏಳು ಸಲ ಹಿಮ್ಮಡಿ ಎತ್ತಿ ಮೆಲ್ಲನೆ ಇಳಿಸಿ, ಪ್ರತಿಸಲವೂ ಉಸಿರು ಬಿಟ್ಟ ಮೇಲೆ ನನ್ನತ್ತ ತಿರುಗಿ, “ಇನ್ನೆಷ್ಟು ಬಾಕಿ ಕಣೇ?” ಎನ್ನುತ್ತಾರೆ.